ಕೊಯ್ದು ನೋಡದ ಚಾಕು

ನಾನು ಅವರನ್ನು ಮೊದಲು ಕಂಡದ್ದು ಒಂದು ಶುಕ್ರವಾರದ ಸಂಜೆ, ಶಾಲೆ ಬಿಟ್ಟ ಮೇಲೆ. ಬಸ್ ನಿಲ್ದಾಣದ ಕಡೆಗೆ ಇಳಿಯುವ ಬೀದಿಯಲ್ಲಿ, ಹೊಲಿಗೆ ಯಂತ್ರ ರಿಪೇರಿ ಮಾಡುವವನ ಪಕ್ಕದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಿತ್ತು. ಮುಂದುಗಡೆ ಮೊಳೆ, ಚಿಲಕ, ಬಕೆಟ್ಟುಗಳು. ಒಳಗೆ ಎಡಗಡೆ ಗಾಜಿನ ಪೆಟ್ಟಿಗೆಯಲ್ಲಿ ಚಾಕುಗಳು. ಅದರ ಹಿಂದೆ, ತೋಳು ಮಡಿಸಿದ ಅಂಗಿ ತೊಟ್ಟ ಸಣಕಲು ಮನುಷ್ಯರೊಬ್ಬರು ಸ್ಟೂಲಿನ ಮೇಲೆ ಕುಳಿತು ಚರ್ಮದ ಒರೆಯೊಂದನ್ನು ಹೊಲಿಯುತ್ತಿದ್ದರು.

ನಾವು ನಾಲ್ವರು ಅಧ್ಯಾಪಕರು ತಿಂಗಳಿಗೊಂದು ಭಾನುವಾರ ಗುಡ್ಡ ಹತ್ತುವ ಅಭ್ಯಾಸವನ್ನು ಆಗಷ್ಟೇ ಆರಂಭಿಸಿದ್ದೆವು. ಒಬ್ಬರು ಪಾತ್ರೆ ತರಬೇಕು, ಒಬ್ಬರು ಹಗ್ಗ. ಚಾಕು ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚಾಕುವಿನ ವಿಷಯದಲ್ಲಿ ನನಗಿದ್ದ ಜ್ಞಾನ ಪೆನ್ಸಿಲ್ ಕೆತ್ತುವುದರ ಆಚೆಗೆ ಹೋಗಿರಲಿಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ, ಬೆನ್ನಿನ ಮೇಲೆ ಗರಗಸದ ಹಲ್ಲುಗಳಿದ್ದ, ಹಿಡಿಯ ತುದಿಯಲ್ಲಿ ದಿಕ್ಸೂಚಿ ಕೂರಿಸಿದ್ದ ಚಾಕುವಿಗೆ ಬೆರಳು ತೋರಿಸಿ, "ಅದು ಕೊಡಿ" ಎಂದೆ.

"ತಡೀರಿ," ಎಂದರು ಅವರು, ಸೂಜಿಯನ್ನು ಚರ್ಮದಲ್ಲೇ ಸಿಕ್ಕಿಸಿ. "ಯಾರ ಮೇಲೆ ಯುದ್ಧ?"

"ಯುದ್ಧ ಏನಿಲ್ಲ. ಗುಡ್ಡ ಹತ್ತೋಕೆ ಹೋಗ್ತೀವಿ."

"ಹತ್ತೋದು ಕಾಲಲ್ಲಿ ಅಲ್ವಾ? ಚಾಕುನಲ್ಲಿ ಏನು ಮಾಡ್ತೀರಿ, ಅದನ್ನ ಹೇಳಿ."

"ಹಗ್ಗ ಕುಯ್ಯೋದು, ಹಣ್ಣು ಹೆಚ್ಚೋದು. ಟೀ ಕಾಯಿಸೋಕೆ ಒಣ ಕಡ್ಡಿ ಸೀಳೋದು."

"ಹಾಗಾದ್ರೆ ಈ ಹಲ್ಲು ಯಾತಕ್ಕೆ?"

ತರಗತಿಯಲ್ಲಿ ಪಾಠ ಓದದೆ ಬಂದ ಹುಡುಗನ ಸ್ಥಿತಿ ನನ್ನದಾಯಿತು.

"ನನಗೂ ಗೊತ್ತಿಲ್ಲ ಬಿಡಿ, ಹನ್ನೊಂದು ವರ್ಷದಿಂದ ಮಾರ್ತಿದೀನಿ," ಎಂದು ಅವರೇ ನನ್ನನ್ನು ಪಾರುಮಾಡಿದರು. "ಇದರ ಹಿಡಿ ಒಳಗೆಲ್ಲ ಪೊಳ್ಳು. ಜೋರಾಗಿ ಒಂದು ಏಟು ಹಾಕಿದ್ರೆ ದಿಕ್ಸೂಚಿ ಉಳಿಯತ್ತೆ, ಚಾಕು ಉಳಿಯಲ್ಲ. ಮನೆಗೆ ದಾರಿ ಮಾತ್ರ ಚೆನ್ನಾಗಿ ಗೊತ್ತಾಗತ್ತೆ."

ಆಮೇಲೆ ಅವರು ಪೆಟ್ಟಿಗೆಯ ಕೆಳಗಿನ ತಟ್ಟೆಯಿಂದ ನಾಲ್ಕು ಸಾಧಾರಣ ಚಾಕುಗಳನ್ನು ತೆಗೆದು ಸಾಲಾಗಿಟ್ಟರು. ಎಲ್ಲವೂ ಮಡಚಲು ಬಾರದವು. ಅಲಗು ನನ್ನ ಅಂಗೈಯಗಲಕ್ಕಿಂತ ಸ್ವಲ್ಪವೇ ಉದ್ದ. ಹಲಗೆಯ ಮೇಲೆ ಒಂದು ಬೋಗುಣಿಯಲ್ಲಿ ಸೋಪಿನ ನೀರಿತ್ತು. ನನ್ನ ಬಲಗೈಯನ್ನು ಅದರಲ್ಲಿ ಅದ್ದಿಸಿ, ಒಂದೊಂದನ್ನೇ ಹಿಡಿಯಲು ಕೊಟ್ಟು, ಒರೆ ಹಾಕಿದ ಅಲಗನ್ನು ತಾವು ಹಿಡಿದು ಎಳೆದರು. ಮೊದಲನೆಯದು ಜಾರಿ ಅವರ ಕೈಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಹೋಗಲಿಲ್ಲ. "ಇದು ನಿಮ್ಮದು," ಎಂದರು. "ಮಳೇಲಿ, ಬೆವರಲ್ಲಿ, ಮೀನು ಮುಟ್ಟಿದ ಕೈಯಲ್ಲಿ ಜಾರಬಾರದು. ತುಕ್ಕು ಹಿಡಿಯೋ ಉಕ್ಕು ಇದು, ಒರೆಸಿ ಇಡಿ. ಆದ್ರೆ ಹೊಳೆಯೋ ಸ್ಟೀಲಿಗಿಂತ ಇದಕ್ಕೆ ಬೇಗ ಹರಿತ ಬರತ್ತೆ. ನಿಮ್ಮಂಥೋರಿಗೆ ಅದೇ ಸರಿ." ನಾನು ಕೇಳಿದ ಚಾಕುವಿನ ಕಾಲುಭಾಗದಷ್ಟು ಬೆಲೆಯೂ ಅದಕ್ಕೆ ಇರಲಿಲ್ಲ. ಇಪ್ಪತ್ತೇಳು ವರ್ಷಗಳಾದವು, ಅದು ಈಗಲೂ ನನ್ನ ಬಳಿ ಇದೆ.

ಯಾರು ಏನೇ ಕೇಳಿದರೂ ಮೊದಲು "ತಡೀರಿ" ಎನ್ನುತ್ತಿದ್ದುದರಿಂದ ಬೀದಿಯವರೆಲ್ಲ ಅವರಿಗೆ ತಡೀರಿ ಅಣ್ಣ ಎಂದೇ ಹೆಸರಿಟ್ಟಿದ್ದರು. ಅವರಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವರಾದ ಕಾರಣ ನಾನೂ ಅಣ್ಣ ಎಂದೇ ಕರೆಯತೊಡಗಿದೆ.

ಅಂಗಡಿಯ ಹಿಂದಿನ ಕೋಣೆಯನ್ನು ಅವರು ನನಗೆ ತೋರಿಸಿದ್ದು ಪರಿಚಯವಾಗಿ ಒಂದೆರಡು ವರ್ಷಗಳಾದ ಮೇಲೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಒಂದು ಮರದ ಮೇಜು, ಅದಕ್ಕೆ ಬಿಗಿದ, ವಸ್ತುವನ್ನು ಅಲುಗದಂತೆ ಕಚ್ಚಿ ಹಿಡಿಯುವ ಕಬ್ಬಿಣದ ವೈಸ್, ಒಂದು ಗರಗಸ. ಗೋಡೆಯ ಮೇಲೆ ಸಾಲಾಗಿ ಮೊಳೆ ಹೊಡೆದು, ಹಿಡಿ ಸೀಳಿದ ಚಾಕುಗಳನ್ನು ನೇತುಹಾಕಿದ್ದರು. ಮೂವತ್ತೋ ನಲವತ್ತೋ ಇದ್ದಿರಬೇಕು. ಪ್ರತಿಯೊಂದರಲ್ಲೂ ಮರದ ಹಿಡಿ ಉದ್ದಕ್ಕೆ ಎರಡು ಹೋಳಾಗಿ, ಒಳಗಿನ ಉಕ್ಕು ಕಾಣುತ್ತಿತ್ತು.

ಅವರು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಟೆಲಿಫೋನ್ ತಂತಿ ಎಳೆಯುವ ಕೂಲಿಯವನೊಬ್ಬ ತಾನು ಕೊಂಡ ಚಾಕುವನ್ನು ಎರಡು ತುಂಡಾಗಿ ತಂದು ಹಲಗೆಯ ಮೇಲೆ ಇಟ್ಟನಂತೆ. ಅವನಿಗೇನೂ ಗಾಯವಾಗಿರಲಿಲ್ಲ, ಬೈಯಲೂ ಇಲ್ಲ. "ಯಾಕೆ ಮುರೀತು ಅಂತ ಹೇಳು ಸಾಕು" ಎಂದನಂತೆ. "ಹೇಳೋಕೆ ನನಗೆ ಗೊತ್ತಿದ್ರೆ ತಾನೆ?" ಎಂದು ಅವರು ನಕ್ಕರು. ಅಂದಿನಿಂದ ಅವರದು ಒಂದು ನಿಯಮ. ಹೊಸ ಮಾಲು ಬಂದಾಗಲೆಲ್ಲ ಅದರಲ್ಲಿ ಒಂದು ಚಾಕುವನ್ನು ವೈಸಿನಲ್ಲಿ ಬಿಗಿದು ಹಿಡಿಯನ್ನು ಕೊಯ್ಯುವುದು. ಅಲಗಿನ ಉಕ್ಕು ಹಿಡಿಯೊಳಗೆ ಮುಕ್ಕಾಲು ಭಾಗವಾದರೂ ಇಳಿದಿದ್ದರೆ ಆ ಮಾಲು ಗಾಜಿನ ಪೆಟ್ಟಿಗೆಗೆ, ಇಲ್ಲದಿದ್ದರೆ ವಾಪಸು. ಯಜಮಾನರ ಹಟಕ್ಕೆ ಉಳಿದದ್ದು ಆ ಹಲ್ಲಿನ ಚಾಕು ಒಂದೇ, ಅದನ್ನು ಕೇಳಿದವರನ್ನು ಇವರೇ ತಡೆಯುತ್ತಿದ್ದರು. ಉಕ್ಕು ತುದಿಯವರೆಗೂ ಹೊರಗೇ ಕಾಣುವಂಥ ಚಾಕುಗಳು ದುಬಾರಿ, ಅವನ್ನು ಕೊಯ್ಯಬೇಕಾಗಿಲ್ಲ. ಅಗ್ಗದವುಗಳ ಒಳಗುಟ್ಟು ಮರದಡಿ ಅಡಗಿರುತ್ತದೆ. ಅಗ್ಗದ್ದನ್ನೇ ಕೊಳ್ಳುವ ತಂತಿಯವರು, ತೋಟದವರು, ಮೀನು ಹಿಡಿಯುವವರು ಇವರನ್ನು ಹುಡುಕಿಕೊಂಡು ಬರುತ್ತಿದ್ದುದು ಆ ಕಾರಣಕ್ಕೆ. ತಡೀರಿ ಅಣ್ಣ ಕೊಟ್ಟದ್ದು ಎಂದರೆ ಮುಗಿಯಿತು, ಯಾರೂ ತಿರುಗಿಸಿ ನೋಡುತ್ತಿರಲಿಲ್ಲ. ಅವರ ಬದುಕಿನಲ್ಲಿ ಅವರಿಗೆ ಹೆಮ್ಮೆಯೆಂಬುದು ಇದ್ದದ್ದು ಇದೊಂದರಲ್ಲೇ.

ಅಂಗಡಿಯ ಯಜಮಾನರು ಗೊಣಗುತ್ತಿದ್ದರು. "ನೋಡಿ ಮೇಷ್ಟ್ರೇ, ನನ್ನ ಅಂಗಡೀಲಿ ಚಾಕುಗಿಂತ ಚಾಕುವಿನ ಹೆಣಗಳೇ ಜಾಸ್ತಿ."

"ಮೇಷ್ಟ್ರಿಗೆ ಏನು ಹೇಳ್ತೀರಿ, ಅವರು ಕಪ್ಪೆ ಕುಯ್ಸಿ ಪಾಠ ಮಾಡೋರು," ಎಂದು ಇವರು ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು. ನಾನು ಕಲಿಸುತ್ತಿದ್ದುದು ಭಾಷೆ. ಅದನ್ನು ಎಷ್ಟು ಸಲ ಹೇಳಿದರೂ ಕಪ್ಪೆಯನ್ನು ಬಿಡಲಿಲ್ಲ.

ಅವರ ಮನೆ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಗಳು. ಮೆಟ್ಟಿಲು ಹತ್ತುವಾಗ ಕೆಳಗಿನ ಇಸ್ತ್ರಿಯ ಬಿಸಿ ಕಾಲಿಗೆ ತಾಕುತ್ತಿತ್ತು. ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ನಾನು ಹೋದಾಗಲೆಲ್ಲ ಒಂದೇ ದೂರು ಕೊಡುತ್ತಿದ್ದರು. "ಊರಿಗೆಲ್ಲ ಹರಿತ ಮಾಡಿ ಕೊಡ್ತಾರೆ. ನಮ್ಮನೆ ಚಾಕು ಬೆಣ್ಣೆ ಕಂಡ್ರೂ ಹಿಂದೆ ಸರಿಯತ್ತೆ. ಕೇಳಿದ್ರೆ ಏನಂತಾರೆ ಹೇಳಿ?"

"ತಡೀರಿ ಅಂತಾರೆ," ಎನ್ನುತ್ತಿದ್ದೆ ನಾನು.

"ಮದುವೇಲೂ ಅದನ್ನೇ ಅಂದಿದ್ರು. ನಮ್ಮಪ್ಪ ಹೆದರಿ ನೀರು ಕುಡಿದ್ರು."

ಓದು ಮುಗಿಸುತ್ತಿದ್ದ ಮಗಳು ಒಳಗಿನಿಂದ ನಗುತ್ತಿದ್ದಳು. ಅಣ್ಣ ಮಾತ್ರ ಗಂಭೀರವಾಗಿ ಟೀ ಹೀರುತ್ತಿದ್ದರು.

ಈಗ ನಾನು ಹೇಳಲು ಇಷ್ಟವಿಲ್ಲದ ಭಾಗಕ್ಕೆ ಬರುತ್ತೇನೆ.

ನಮ್ಮ ಗುಡ್ಡದ ಗುಂಪಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಇದ್ದರು. ನನಗಿಂತ ಚಿಕ್ಕವರು, ಮಿತಭಾಷಿ. ಕಪ್ಪುಹಲಗೆಯ ಮೇಲೆ ಕೈವಾರವಿಲ್ಲದೆ ಒಂದೇ ಬೀಸಿನಲ್ಲಿ ದುಂಡಗೆ ವೃತ್ತ ಬರೆಯುತ್ತಿದ್ದರು. ಬೇರೆ ತರಗತಿಯ ಮಕ್ಕಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಅವರ ಚಾಕು ಹಿಂದಿನ ತಿಂಗಳು ಹೊಳೆಯಲ್ಲಿ ಬಿದ್ದುಹೋಗಿತ್ತು. ರಜೆಯಲ್ಲಿ ಮೂರು ದಿನದ ನಡಿಗೆಗೆಂದು ಹೊರಟ ದಿನ ಮಧ್ಯಾಹ್ನ, "ಸಾರ್, ನಿಮ್ಮ ಅಣ್ಣನ ಹತ್ರ ನನಗೂ ಒಂದು ತಂದುಬಿಡಿ, ಅಗ್ಗದ್ದು ಸಾಕು" ಎಂದರು. ನಾನು ಹೊರಡುವ ಹೊತ್ತಿಗೆ ತಂದರಾಯಿತೆಂದು ಉದಾಸೀನ ಮಾಡಿ, ಬಸ್ಸಿಗೆ ಇಪ್ಪತ್ತು ನಿಮಿಷವಿರುವಾಗ ಅಂಗಡಿಗೆ ಹೋದೆ.

ಹಳೆಯ ಮಾಲು ಮುಗಿದಿತ್ತು. ಹೊಸ ಡಬ್ಬ ಆಗತಾನೇ ಬಂದು, ಒಳಗಿನ ಹುಲ್ಲು ಹಲಗೆಯ ಮೇಲೆಲ್ಲ ಚೆಲ್ಲಿತ್ತು.

"ತಡೀರಿ," ಎಂದರು ಅಣ್ಣ. "ಒಂದನ್ನ ಕುಯ್ದು ನೋಡಿ ಕೊಡ್ತೀನಿ. ಅರ್ಧ ಗಂಟೆ."

"ಅಣ್ಣ, ಅರ್ಧ ಗಂಟೆಗೆ ಬಸ್ ಊರಾಚೆ ಇರತ್ತೆ. ಅದೇ ಕಾರ್ಖಾನೇದು ತಾನೆ?"

"ಡಬ್ಬ ಅದೇ."

"ಡಬ್ಬ ಅದೇ, ಬಣ್ಣ ಅದೇ, ಹಿಡಿ ಅದೇ. ಇನ್ನೇನು ಬೇಕು? ನೀವು ಬಿಡಿ, ಮನೆಗೆ ಬೆಂಕಿ ಬಿದ್ರೂ ತಡೀರಿ ಅಂತ ಬೆಂಕಿಗೇ ಹೇಳೋರು."

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಜೋರಾಗಿ ನಕ್ಕರು. ಅಣ್ಣನೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ಡಬ್ಬದಿಂದ ಒಂದನ್ನು ತೆಗೆದು, ಹಿಡಿಯ ತುದಿಯನ್ನು ಹಲಗೆಗೆ ಕುಟ್ಟಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು. ಮತ್ತೊಮ್ಮೆ ಕುಟ್ಟಿದರು. ಒಳಗೆ ಪೊಳ್ಳಿದ್ದರೆ ಸದ್ದು ಬೇರೆ ಬರುತ್ತದೆಂದು ಅವರೇ ಹಿಂದೊಮ್ಮೆ ಹೇಳಿದ್ದರು. ಅದನ್ನು ನಂಬಿ ಕೊಡಬಾರದೆಂದೂ ಹೇಳಿದ್ದರು.

"ಸದ್ದು ಪರವಾಗಿಲ್ಲ," ಎಂದು ಒರೆಗೆ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಬೀದಿಗೆ ಇಳಿದ ಮೇಲೆ ಹಿಂದಿನಿಂದ ಕೂಗಿದರು: "ಮೇಷ್ಟ್ರೇ, ಹಗ್ಗಕ್ಕೆ, ಹಣ್ಣಿಗೆ ಸರಿ. ಸೌದೆ ಸೀಳೋಕೆ ಮಾತ್ರ ಬೇಡ ಅಂತ ಅವರಿಗೆ ಹೇಳಿ. ನಾನು ಕುಯ್ದು ನೋಡೋವರೆಗೂ."

"ಹೇಳ್ತೀನಿ," ಎಂದು ಕೈ ಎತ್ತಿದೆ. ಬಸ್ಸಿನಲ್ಲಿ ಸೀಟು ಹಿಡಿಯುವ ಗಡಿಬಿಡಿ, ಗಂಟು ಮೇಲಿಡುವ ಗಡಿಬಿಡಿ, ಆಮೇಲೆ ಹರಟೆ. ಹೇಳಲಿಲ್ಲ. ಮರೆತೆ ಎಂದರೆ ಅದು ನಿಜವೇ. ಆದರೆ ಆ ಮಾತು ನೆನಪಿಟ್ಟುಕೊಳ್ಳುವಷ್ಟು ದೊಡ್ಡದೆಂದು ನನಗೆ ಅನ್ನಿಸಿರಲೇ ಇಲ್ಲ.

ಎರಡನೆಯ ದಿನ ಬೆಳಿಗ್ಗೆ, ಇಬ್ಬನಿಗೆ ನೆನೆದ ಕೊರಡೊಂದರ ಮೇಲೆ ಡ್ರಾಯಿಂಗ್ ಮೇಷ್ಟ್ರು ಆ ಚಾಕುವನ್ನಿಟ್ಟು, ಇನ್ನೊಂದು ಕಟ್ಟಿಗೆಯಿಂದ ಅದರ ಬೆನ್ನಿಗೆ ಹೊಡೆದು ಸೀಳುತ್ತಿದ್ದರು. ಮೂರನೆಯ ಏಟಿಗೆ ಅಲಗು ಹಿಡಿಯಿಂದ ಕಳಚಿಕೊಂಡಿತು. ಹಿಡಿಯನ್ನು ಒತ್ತಿ ಹಿಡಿದಿದ್ದ ಬಲಗೈ ಆ ರಭಸಕ್ಕೆ ಮುಂದೆ ಜಾರಿ ಅಲಗಿನ ಮೇಲೆ ಹೋಯಿತು. ಹೆಬ್ಬೆರಳಿನ ಬುಡದಲ್ಲಿ ನರ ಕತ್ತರಿಸಿಹೋಗಿತ್ತು. ಟವೆಲ್ ಸುತ್ತಿ ಅವರನ್ನು ರಸ್ತೆಗೆ ಇಳಿಸುವುದಕ್ಕೆ ನಮಗೆ ಎರಡು ತಾಸು ಹಿಡಿಯಿತು. ಆಸ್ಪತ್ರೆಯಲ್ಲಿ ಹೊಲಿದರು, ಆಮೇಲೆ ಇನ್ನೊಮ್ಮೆ ಕೊಯ್ದು ಹೊಲಿದರು. ಬೆರಳು ಉಳಿಯಿತು, ಮಡಚುವುದನ್ನು ಬಿಟ್ಟಿತು.

ಸೋಮವಾರ ನಮ್ಮ ಗುಂಪಿನ ಲೆಕ್ಕದ ಮೇಷ್ಟ್ರು ಆ ಎರಡು ತುಂಡುಗಳನ್ನು ಕಾಗದದಲ್ಲಿ ಸುತ್ತಿ ಅಂಗಡಿಗೆ ಒಯ್ದರು. ನಾನೂ ಜೊತೆಗಿದ್ದೆ. ಯಜಮಾನರು ನೋಡಿದರು. ಉಕ್ಕು ಹಿಡಿಯೊಳಗೆ ಒಂದು ಬೆರಳಗಲ ಮಾತ್ರ ಇಳಿದಿತ್ತು. ಉಳಿದ ತೂತಿಗೆ ಕಪ್ಪು ಅರಗಿನಂಥದೇನನ್ನೋ ಗಟ್ಟಿಯಾಗಿ ತುಂಬಿದ್ದರು. ಸದ್ದು ಬೇರೆ ಬರದಿದ್ದುದು ಅದರಿಂದ.

"ಇದನ್ನ ಕುಯ್ದು ನೋಡಿದ್ಯಾ?" ಎಂದು ಯಜಮಾನರು ಕೇಳಿದರು.

"ಇಲ್ಲ," ಎಂದರು ಅಣ್ಣ.

"ಯಾಕೆ? ಬೇಡ ಅಂದಾಗಲೆಲ್ಲ ಕುಯ್ತಿದ್ದೆ. ಇದನ್ನ ಯಾಕೆ ಬಿಟ್ಟೆ?"

ಅಣ್ಣ ನನ್ನ ಮುಖ ನೋಡಿದರು. ಹೆಚ್ಚು ಹೊತ್ತೇನಲ್ಲ, ಒಮ್ಮೆ ಉಸಿರೆಳೆದು ಬಿಡುವಷ್ಟು. ನಾನು ಗಾಜಿನ ಪೆಟ್ಟಿಗೆಯ ಒಳಗೆ ನೋಡುತ್ತಿದ್ದೆ.

"ನೋಡಲಿಲ್ಲ. ಅಷ್ಟೆ," ಎಂದರು.

"ನೀವು ಕೊಟ್ಟದ್ದು ಅಂತ ನಂಬಿದ್ವಲ್ಲ ಮಾರಾಯ್ರೇ," ಎಂದು ಲೆಕ್ಕದ ಮೇಷ್ಟ್ರು ತುಂಡುಗಳನ್ನು ಅಲ್ಲಿಯೇ ಬಿಟ್ಟು ಹೊರಟರು. ನಾನು ಅವರ ಹಿಂದೆ ಹೊರಟೆ. ಬೀದಿಯಲ್ಲಿ ಅವರು ಅಣ್ಣನನ್ನು ಬೈಯುತ್ತ ನಡೆದರು. ನಾನು ಅವಸರ ಮಾಡಿದೆ, ಎಚ್ಚರಿಕೆ ಹೇಳಿ ಕಳಿಸಿದ್ದರು, ನಾನೇ ತಲುಪಿಸಲಿಲ್ಲ ಎಂದು ಮೂರು ವಾಕ್ಯ ಹೇಳಬೇಕಾಗಿತ್ತು. ಮೂವತ್ತು ವರ್ಷ ವಾಕ್ಯರಚನೆ ಕಲಿಸಿದವನಿಗೆ ಆ ಮೂರು ವಾಕ್ಯ ಬರಲಿಲ್ಲ.

ಮರುದಿನದಿಂದ ಅಣ್ಣ ಚಾಕುವಿನ ಪೆಟ್ಟಿಗೆಯ ಹಿಂದೆ ಕೂರಲಿಲ್ಲ. ಯಜಮಾನರು ಕೆಲಸದಿಂದ ತೆಗೆದರೆಂದು ಬೀದಿಯಲ್ಲಿ ಸುದ್ದಿಯಾಯಿತು, ಅದು ಸುಳ್ಳು. ಯಜಮಾನರು ಅವರಿಗೆ ಕೈಮುಗಿಯುವುದೊಂದು ಬಾಕಿ. "ಒಂದು ತಪ್ಪಿಗೆ ಇಷ್ಟೊಂದಾ? ಬೈದೆ, ಮುಗೀತು. ಬಂದು ಕೂತ್ಕೋ" ಎಂದರಂತೆ. ಇವರು ಹಿಂದಿನ ಗೋದಾಮಿನಲ್ಲಿ ಮೊಳೆ ತೂಗುವ ಕೆಲಸ ಕೇಳಿ ತೆಗೆದುಕೊಂಡರು. ತಂತಿಯವರೋ ತೋಟದವರೋ ಬಂದು "ತಡೀರಿ ಅಣ್ಣ ಎಲ್ಲಿ?" ಎಂದು ಕೇಳಿದರೆ ಒಳಗಿನಿಂದ ಸದ್ದಿರುತ್ತಿರಲಿಲ್ಲ. ಹೊಸದಾಗಿ ಬಂದವನು ಹಲ್ಲಿನ ಚಾಕುವನ್ನು ಮೊದಲ ಸಾಲಿಗೆ ತಂದಿಟ್ಟ. ಚೆನ್ನಾಗಿಯೇ ಮಾರಾಟವಾಯಿತು.

ಇದೆಲ್ಲ ನನಗೆ ತಿಳಿದದ್ದು ಬೇರೆಯವರಿಂದ. ನಾನು ಆ ಬೀದಿಯಲ್ಲಿ ಹೋಗುವುದನ್ನು ಬಿಟ್ಟಿದ್ದೆ. ಬಸ್ ನಿಲ್ದಾಣಕ್ಕೆ ಹಿಂದಿನ ರಸ್ತೆಯಿಂದ ಸುತ್ತಿಕೊಂಡು ಹೋಗುತ್ತಿದ್ದೆ.

ಡ್ರಾಯಿಂಗ್ ಮೇಷ್ಟ್ರು ಆರು ತಿಂಗಳ ನಂತರ ಶಾಲೆಗೆ ಬಂದರು. ಎಡಗೈಯಲ್ಲಿ ಬರೆಯಲು ಕಲಿತಿದ್ದರು. ವೃತ್ತ ಬೇಕಾದಾಗ ಮರದ ಕೈವಾರ ತರಿಸುತ್ತಿದ್ದರು. ಕಿಟಕಿಯ ಬಳಿ ಆಮೇಲೆ ಯಾರೂ ನಿಲ್ಲಲಿಲ್ಲ.

ಒಂಬತ್ತು ವರ್ಷಗಳ ಮೇಲೆ, ನಾನು ನಿವೃತ್ತನಾದ ವಾರ, ಅತ್ತಿಗೆ ತೀರಿಕೊಂಡ ಸುದ್ದಿ ಬಂತು. ಆಗ ಹೋದೆ. ಅದೇ ಮೆಟ್ಟಿಲು, ಅದೇ ಇಸ್ತ್ರಿಯ ಬಿಸಿ. ಅಣ್ಣ ಪೂರ್ತಿ ನರೆತಿದ್ದರು. "ಬನ್ನಿ ಮೇಷ್ಟ್ರೇ, ಅವಳು ನಿಮ್ಮನ್ನ ಕೇಳ್ತಾನೇ ಇದ್ಲು" ಎಂದರು. ಮಗಳು ಟೀ ಕೊಟ್ಟು ಒಳಗೆ ಹೋದಳು. ನಾನು ತಲೆ ತಗ್ಗಿಸಿ, ಅಂದು ಅವರ ಮಾತನ್ನು ತಲುಪಿಸಲಿಲ್ಲವೆಂದು ಹೇಳಿದೆ.

"ಗೊತ್ತು," ಎಂದರು.

"ಗೊತ್ತಾ?"

"ಆಸ್ಪತ್ರೆಗೆ ಡ್ರಾಯಿಂಗ್ ಮೇಷ್ಟ್ರನ್ನ ನೋಡೋಕೆ ಹೋಗಿದ್ದೆ. ಸೌದೆ ಸೀಳಬೇಡಿ ಅಂದಿದ್ನಲ್ಲ ಸಾರ್ ಅಂತ ನಾಲಿಗೆ ತುದಿವರೆಗೂ ಬಂದಿತ್ತು. ಅಷ್ಟರಲ್ಲಿ ಅವರೇ, ಸೌದೆ ಸೀಳೋಕೆ ಆಗದೆ ಇರೋ ಚಾಕು ಯಾಕೆ ಕೊಟ್ರಿ ಅಂತ ಕೇಳಿದ್ರು. ಆಗ ಗೊತ್ತಾಯ್ತು, ಮಾತು ತಲುಪಿಲ್ಲ ಅಂತ."

"ನೀವು ಹೇಳಬಹುದಿತ್ತಲ್ಲ ಅಣ್ಣ!"

"ಏನಂತ? ಹೇಳಿದ್ರೆ ಬೆರಳು ಮಡಚ್ತಿತ್ತಾ? ನೀವಿಬ್ರೂ ಒಂದೇ ಕೋಣೇಲಿ ಕೂರೋರು. ಆ ಸ್ನೇಹಾನೂ ಹೋಗ್ತಿತ್ತು." ಲೋಟವನ್ನು ಕೆಳಗಿಟ್ಟರು. "ಮತ್ತೆ ನೀವು ಅವಸರ ಮಾಡಿದ್ದು ಏನು ದೊಡ್ಡದು? ಕೊಳ್ಳೋರು ಅವಸರ ಮಾಡೋದೇ. ದಿನಾ ಹತ್ತು ಜನ ಮಾಡ್ತಿದ್ರು. ಅವತ್ತು ಅಂಗಡೀಲಿದ್ದ ಇಬ್ರು ನಕ್ಕಿದ್ದಕ್ಕೆ ನಾನು ನಾಚ್ಕೊಂಡೆ ನೋಡಿ, ಅದು ನನ್ನದು."

ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅದರ ಮುಂದಿನ ಭಾನುವಾರ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ವರಾಂಡದ ಕುರ್ಚಿಯಲ್ಲಿ ಕುಳಿತು ಕೇಳಿದರು. ಬಲಗೈ ಮಡಿಲಲ್ಲಿತ್ತು. ಕೊನೆಗೆ, "ಇಷ್ಟು ವರ್ಷ ಆ ಮನುಷ್ಯನನ್ನ ಬೈಕೊಂಡೆ ಸಾರ್. ಅವರು ಆಸ್ಪತ್ರೆಗೆ ಬಂದಾಗಲೆಲ್ಲ ಗೋಡೆ ಕಡೆ ತಿರುಗಿ ಮಲಗ್ತಿದ್ದೆ" ಎಂದರು. ಗೇಟಿನವರೆಗೆ ಬಂದು ಕಳಿಸುವುದು ಅವರ ವಾಡಿಕೆ; ಅಂದು ಬರಲಿಲ್ಲ. ಆಮೇಲೆ ನಮ್ಮ ನಡುವೆ ನಮಸ್ಕಾರ ಉಳಿದಿದೆ, ಅಷ್ಟೇ.

ಆದರೆ ಅವರು ಅಣ್ಣನ ಮನೆಗೆ ಹೋಗಿದ್ದರು. ಮಗಳು ನನಗೆ ಹೇಳಿದಳು. "ಬಂದು ಅಪ್ಪನ ಪಕ್ಕ ಕೂತ್ರು ಮಾಮ. ನನಗೊಂದು ಚಾಕು ಆರಿಸಿ ಕೊಡಿ, ಎಡಗೈಗೆ ಆಗೋ ಥರದ್ದು ಅಂದ್ರು. ಅಪ್ಪ ಅವರ ಕೈ ಹಿಡ್ಕೊಂಡು ತುಂಬ ಹೊತ್ತು ನೋಡಿದ್ರು. ಆಮೇಲೆ, ಅದೊಂದು ಕೇಳಬೇಡಿ ಸಾರ್, ಬೇರೆ ಏನಾದ್ರೂ ಕೇಳಿ ಅಂದ್ರು. ನಾನೂ ಹೇಳಿ ನೋಡಿದೆ. ಒಪ್ಪಲಿಲ್ಲ."

ಈಗ ಅಣ್ಣನಿಗೆ ಎಪ್ಪತ್ತೆಂಟು. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಮನೆ ಬಿಟ್ಟು ಮಗಳ ಮನೆಯಲ್ಲಿದ್ದಾರೆ. ಅಳಿಯ ಒಳ್ಳೆಯವನು. ಮನೆಯಿಂದ ಎರಡು ಬೀದಿ ದಾಟಿದರೆ ಗಿಡಗಳನ್ನು ಬೆಳೆಸಿ ಮಾರುವ ನರ್ಸರಿಯೊಂದಿದೆ. ಬೆಳಿಗ್ಗೆ ಎಂಟಕ್ಕೆ ಅಲ್ಲಿಗೆ ಹೋಗಿ, ಕಸಿ ಕಟ್ಟುವ ಹೆಂಗಸರ ಚಾಕುಗಳನ್ನು ಸಾಣೆ ಹಿಡಿದು ಕೊಡುತ್ತಾರೆ. ಹರಿದ ಒರೆಗಳನ್ನು ಹೊಲಿಯುತ್ತಾರೆ. ಆ ಹೆಂಗಸರು ಅವರನ್ನು ಅಜ್ಜ ಎನ್ನುತ್ತಾರೆ.

ಕಳೆದ ತಿಂಗಳು ನಾನು ಹೋದಾಗ, ನರ್ಸರಿಯ ಯಜಮಾನತಿ ಚಾಕುಗಳ ಚಿತ್ರವಿದ್ದ ಪುಸ್ತಕವೊಂದನ್ನು ತಂದು ಅವರ ಮುಂದೆ ಹಿಡಿದರು. "ಅಜ್ಜ, ಇದರಲ್ಲಿ ಯಾವುದು ತರಿಸಲಿ? ಹನ್ನೆರಡು ಬೇಕು. ತೀರ ದುಬಾರಿ ಬೇಡ."

ಅಣ್ಣ ಕನ್ನಡಕ ಏರಿಸಿ ಪುಟ ನೋಡಿದರು. ಅವರ ಬೆರಳು ಮೂರನೆಯ ಚಿತ್ರದ ಹತ್ತಿರ ಹೋಗಿ, ಹಿಡಿಯ ಮೇಲೆ ನಿಂತದ್ದನ್ನು ನಾನು ಕಂಡೆ. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಪುಸ್ತಕವನ್ನು ಮುಚ್ಚಿ ಅವರಿಗೇ ಕೊಟ್ಟರು.

"ನೀವೇ ನೋಡಿ ತರಿಸಿಬಿಡಮ್ಮ," ಎಂದರು. "ಬಂದ ಮೇಲೆ ಹರಿತ ಮಾಡಿ ಕೊಡ್ತೀನಿ."